ದಿಕ್ಕು ತಪ್ಪಿಸಿದ ದೀಪ

ಗೊತ್ತಿಲ್ಲದ ಊರಿನ ರಸ್ತೆಯಲ್ಲಿ ನಿಂತು ಫೋನಿನಲ್ಲಿ ಮ್ಯಾಪ್ ತೆರೆದಿದ್ದೀರಿ ಅಂದುಕೊಳ್ಳಿ. ನೀಲಿ ಚುಕ್ಕಿ ನೀವು ನಿಂತ ಜಾಗದಲ್ಲೇ ಇದೆ. ಆದರೆ ಅದರ ಮುಂದಿರುವ ಬೆಳಕಿನ ಬೀಸಣಿಗೆ ಮಾತ್ರ ನೀವು ನೋಡುತ್ತಿರುವ ಕಡೆ ಬಿಟ್ಟು ಇನ್ನೆಲ್ಲೋ ಮೂತಿ ತಿರುಗಿಸಿಕೊಂಡಿದೆ. ಇಪ್ಪತ್ತು ಹೆಜ್ಜೆ ತಪ್ಪು ದಾರಿಯಲ್ಲಿ ಹೋದ ಮೇಲೆ, ‘ನನ್ನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ’ ಅಂತ ಫೋನ್ ಕೇಳುತ್ತೆ. ನಾವೂ ದೃಷ್ಟಿ ತೆಗೆಯುವವರ ಹಾಗೆ ಫೋನನ್ನು ಆಚೆಗೂ ಈಚೆಗೂ ನಿವಾಳಿಸುತ್ತೇವೆ. ಸರಿಹೋಗುತ್ತೆ.

ಈಗ ಫೋನಿನ ಜಾಗದಲ್ಲಿ ಐನೂರು ಕಿಲೋ ತೂಕದ ವಿಮಾನ ಇಟ್ಟುಕೊಳ್ಳಿ. ಅದನ್ನು ಹೇಗೆ ನಿವಾಳಿಸ್ತೀರಿ?

ನಮ್ಮ ಮನೆಗೆ ಈ ಪ್ರಶ್ನೆ ಬಂದಿದ್ದು ಕಳೆದ ವರ್ಷ. ನಾವಿರೋದು ಅಮೆರಿಕದ ಒರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರ. ಉಳಿದವರ ಗಂಡಂದಿರು ಶನಿವಾರ ಬಾರ್ಬೆಕ್ಯೂ ಮಾಡುತ್ತಿದ್ದರೆ ನನ್ನ ಗಂಡ ಗ್ಯಾರೇಜಿನಲ್ಲಿ ರಿವೆಟ್ ಹೊಡೆಯುತ್ತಿದ್ದ. ಹೀಗೆ ಆರು ವರ್ಷ. ಇಲ್ಲೇ ಅರೋರಾ ಎಂಬ ಊರಿನಲ್ಲಿ ವ್ಯಾನ್ಸ್ ಏರ್‌ಕ್ರಾಫ್ಟ್ ಅನ್ನೋ ಕಂಪನಿ ಇದೆ. ವಿಮಾನವನ್ನು ಬಿಡಿಭಾಗಗಳ ಕಿಟ್ ಆಗಿ ಮಾರುತ್ತಾರೆ, ಕೂಡಿಸಿಕೊಳ್ಳೋದು ನಮ್ಮ ಹಣೆಬರಹ. ಅವರ ಕಿಟ್‌ಗಳಿಂದ ಹೀಗೆ ಮನೆಗಳಲ್ಲೇ ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆ ಹತ್ತು ಸಾವಿರ ದಾಟಿದೆ. ನಮ್ಮದು ಆರ್‌ವಿ-7ಎ, ಅಕ್ಕಪಕ್ಕ ಎರಡೇ ಸೀಟು. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು, ಆಗಲೇ ಇಲ್ಲಿನ ಸರ್ಕಾರ ಅದನ್ನು ‘ಎಕ್ಸ್‌ಪರಿಮೆಂಟಲ್’ ಅಂತ ಒಪ್ಪೋದು. ಆಮೇಲೆ ಪರೀಕ್ಷೆಯ ಹಾರಾಟ. ನಮಗೆ ವಿಧಿಸಿದ್ದು 40 ಗಂಟೆ. ಅಷ್ಟು ಮುಗಿಯುವ ತನಕ ಪ್ರಯಾಣಿಕರನ್ನು ಕೂರಿಸೋ ಹಾಗಿಲ್ಲ.

ಆ 40 ಗಂಟೆ ಮುಗಿಯೋ ಹೊತ್ತಿಗೆ ಅತ್ತೆ ತಿಪಟೂರಿನಿಂದ ಬಂದು ಮೂರು ತಿಂಗಳಾಗಿತ್ತು. ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟೇ ಬೇಕು ಅನ್ನೋರು ಅವರು. ‘ಮಗ ಮಾಡಿದ ವಿಮಾನದಲ್ಲಿ ಕೂತೇ ಊರಿಗೆ ಹೋಗೋದು’ ಅಂತ ಹಟ. ನವೆಂಬರ್‌ನಲ್ಲಿ ವಾಪಸ್ ಟಿಕೆಟ್, ಅಕ್ಟೋಬರ್ ನಡುವಿನಿಂದಲೇ ಇಲ್ಲಿ ಮಳೆಗಾಲ. ಇದ್ದದ್ದು ಕೆಲವೇ ವಾರ.

ಸೆಪ್ಟೆಂಬರಿನ ಒಂದು ಭಾನುವಾರ ನನ್ನ ಗಂಡ ಒಬ್ಬನೇ ಕೊಲಂಬಿಯಾ ನದಿಯ ಕಣಿವೆಗುಂಟ ಪೂರ್ವಕ್ಕೆ ಹೋಗಿಬಂದ. ಹ್ಯಾಂಗರಿನಲ್ಲಿ ಕಾಫಿ ಕುಡಿಯುತ್ತಾ, ‘ಮೇಲೆ ಏನ್ ಗಾಳಿ ಅಂತೀಯ! ಉತ್ತರದಿಂದ 60 ನಾಟ್’ ಅಂದ. ಗಂಟೆಗೆ 110 ಕಿಲೋಮೀಟರ್. ಪಕ್ಕದ ಹ್ಯಾಂಗರಿನ ಅಜ್ಜ ಕಪ್ಪು ಕೆಳಗಿಟ್ಟರು. ಜೀವನಪೂರ್ತಿ ವಿಮಾನ ರಿಪೇರಿ ಮಾಡಿ ರಿಟೈರ್ ಆದವರು, ಮಾತು ಕಡಿಮೆ. ‘ಆ ಕಣಿವೇಲಿ ಗಾಳಿ ಬೀಸೋದು ನದಿ ಹರಿಯೋ ನೇರಕ್ಕೆ, ಪೂರ್ವ ಪಶ್ಚಿಮ. ಉತ್ತರದಿಂದ 60 ನಾಟ್ ಬೀಸಿದ್ರೆ ಆ ಬೆಟ್ಟಗಳ ಮಧ್ಯೆ ನೀನು ಹಿಂಗೆ ನಗ್ತಾ ವಾಪಸ್ ಬರ್ತಿರ್ಲಿಲ್ಲ.’ ಹೊರಗೆ ನೋಡಿದರೆ ಗಾಳಿಚೀಲ ತೊಟ್ಟಿಲ ಬಟ್ಟೆಯ ಹಾಗೆ ಸುಮ್ಮನೆ ಇಳಿಬಿದ್ದಿತ್ತು.

ಇಲ್ಲೊಂದು ವಿಷಯ ಹೇಳಬೇಕು. ವಿಮಾನಕ್ಕೆ ಗಾಳಿಯನ್ನು ಅಳೆಯುವ ಸಾಧನ ಇಲ್ಲ. ಅದು ಲೆಕ್ಕ ಹಾಕುತ್ತೆ. ಮೂತಿ ಯಾವ ಕಡೆಗಿದೆ ಅನ್ನೋದನ್ನು ಎಲೆಕ್ಟ್ರಾನಿಕ್ ದಿಕ್ಸೂಚಿ ಹೇಳುತ್ತೆ, ನಿಜವಾಗಿ ಎತ್ತ ಸಾಗುತ್ತಿದ್ದೇವೆ ಅನ್ನೋದನ್ನು ಜಿಪಿಎಸ್ ಹೇಳುತ್ತೆ. ಎರಡರ ನಡುವಿನ ವ್ಯತ್ಯಾಸವೇ ಗಾಳಿ. ದಿಕ್ಸೂಚಿ ಸುಳ್ಳು ಹೇಳಿದರೆ ಆ ಸುಳ್ಳೂ ಗಾಳಿಯ ಲೆಕ್ಕಕ್ಕೇ ಹೋಗುತ್ತೆ. 140 ನಾಟ್ ವೇಗದಲ್ಲಿ 26 ಡಿಗ್ರಿ ತಪ್ಪಿದರೆ ಇಲ್ಲದ 60 ನಾಟ್ ಗಾಳಿ ಪರದೆಯ ಮೇಲೆ ಹುಟ್ಟಿಕೊಳ್ಳುತ್ತೆ.

‘ದಿಕ್ಸೂಚಿ ತಪ್ಪಿರೋಕೆ ಸಾಧ್ಯವೇ ಇಲ್ಲ’ ಅಂದ ಇವನು. ‘ಕ್ಯಾಲಿಬ್ರೇಶನ್ ಮಾಡಿದೀನಿ. ಪಾಸ್ ಅಂತ ಬಂತು.’ ರಾತ್ರಿ ಮನೆಯಲ್ಲಿ ರಾಗ ಬದಲಾಯಿತು: ‘ತಪ್ಪಿದ್ರೂ ಏನೀಗ, ಜಿಪಿಎಸ್ ಇದೆಯಲ್ಲ ಕಣೇ.’

ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಜಿಪಿಎಸ್ ಅಂದರೆ ಆ ನೀಲಿ ಚುಕ್ಕಿ. ಎಲ್ಲಿದ್ದೀವಿ ಅನ್ನೋದು ಅದಕ್ಕೆ ಗೊತ್ತು, ಮೂತಿ ಎತ್ತ ಅನ್ನೋದು ಗೊತ್ತಿಲ್ಲ. ಬೇಸಿಗೆಯ ಕೊನೆಗೆ ಇಲ್ಲಿ ಕಾಡ್ಗಿಚ್ಚಿನ ಹೊಗೆ ಕವಿದರೆ ನೆಲ ಯಾವುದು, ಆಕಾಶ ಯಾವುದು ತಿಳಿಯೋದಿಲ್ಲ. ಆಗ ಜಿಪಿಎಸ್ ಕೈಕೊಟ್ಟರೆ ಇವನು ಪರದೆಯಲ್ಲಿ ಕಂಡ ದಿಕ್ಕನ್ನೇ ನಂಬಿ ಕಣಿವೆಯ ನೇರಕ್ಕೆ ಹೋಗ್ತೀನಿ ಅಂದುಕೊಳ್ಳುತ್ತಾನೆ. ನಿಜದಲ್ಲಿ ವಿಮಾನ ಬಲಕ್ಕೆ, ದಕ್ಷಿಣದ ಕಡೆ ವಾಲಿರುತ್ತೆ. ಕಣಿವೆಯ ದಕ್ಷಿಣಕ್ಕೆ ನಿಂತಿರೋದು ಮೌಂಟ್ ಹುಡ್, 3,429 ಮೀಟರ್. ಪಕ್ಕದ ಸೀಟಿನಲ್ಲಿ ಅತ್ತೆ.

‘ಇದು ಸರಿಹೋಗೋ ತನಕ ಅಮ್ಮನ್ನ ಕೂರಿಸೋ ಹಾಗಿಲ್ಲ’ ಅಂದೆ. ಅವನು ಮಾತಾಡದೆ ಪಾತ್ರೆ ತೊಳೆಯೋಕೆ ಎದ್ದ. ನಮ್ಮ ಮನೆಯಲ್ಲಿ ಅದು ಜಗಳ.

ಮಾರನೇ ದಿನ ಮೂವರೂ ಹ್ಯಾಂಗರಿಗೆ ಹೋದೆವು. ಈ ವಿಮಾನದ ದಿಕ್ಸೂಚಿ ಅಂದರೆ ಮ್ಯಾಗ್ನೆಟೋಮೀಟರ್ ಎಂಬ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಅದರೊಳಗಿನ ಚಿಪ್‌ಗಳು ಭೂಮಿಯ ಕಾಂತಕ್ಷೇತ್ರವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತವೆ. ನಿಮ್ಮ ಫೋನಿನಲ್ಲಿರೋದೂ ಅದರ ತಮ್ಮನೇ. ಎಂಜಿನ್, ಅದನ್ನು ಹಿಡಿದಿರುವ ಉಕ್ಕಿನ ಕಂಬಿಗಳು, ಮೋಟರುಗಳು ಎಲ್ಲದರಿಂದ ದೂರ ಇರಲಿ ಅಂತ ಇದನ್ನು ರೆಕ್ಕೆಯ ತುದಿಯ ಫೈಬರ್‌ಗ್ಲಾಸ್ ಟೋಪಿಯೊಳಗೆ ಕೂರಿಸಿದ್ದ. ಸ್ಕ್ರೂ ಕೂಡ ಹಿತ್ತಾಳೆಯದು. ಅಜ್ಜ ಟಾರ್ಚ್ ಹಾಕಿ ನೋಡಿ, ಮಟ್ಟಗೋಲು ಇಟ್ಟು, ಡಬ್ಬಿ ಓರೆಯಾಗಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಈ ಓರೆಯ ವಿಷಯ ಸಣ್ಣದಲ್ಲ. ಒರೆಗಾನ್‌ನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 67 ಡಿಗ್ರಿ ನೆಲದೊಳಕ್ಕೆ ಬಗ್ಗಿಕೊಂಡಿರುತ್ತೆ. ಡಬ್ಬಿ ಒಂದು ಡಿಗ್ರಿ ವಾಲಿದರೆ ದಿಕ್ಕು ಎರಡು ಡಿಗ್ರಿಗೂ ಹೆಚ್ಚು ತಪ್ಪಬಹುದು. ನಮ್ಮ ಕರ್ನಾಟಕದಲ್ಲಿ ಈ ಕಷ್ಟ ತೀರಾ ಕಡಿಮೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣದ ತುದಿಯ ಹತ್ತಿರವೇ ಹಾದುಹೋಗುವುದರಿಂದ ಅಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಚಾಪೆಯ ಹಾಗೆ ಮಲಗಿರುತ್ತೆ.

ಡಬ್ಬಿ ಸರಿಯಾಗೇ ಇತ್ತು. ಹಾಗಾದರೆ ಕ್ಯಾಲಿಬ್ರೇಶನ್ ಯಾಕೆ ಸುಳ್ಳಾಯಿತು?

ಆ ಎಂಟರ ಆಟ ಏನು ಅಂತ ನನಗೆ ಅರ್ಥವಾಗಿದ್ದೇ ಆವಾಗ. ಫೋನಿನ ಸ್ಪೀಕರಿನಲ್ಲಿ ಆಯಸ್ಕಾಂತ ಇದೆ. ಫೋನನ್ನು ತಿರುಗಿಸಿದಾಗ ಆ ಆಯಸ್ಕಾಂತವೂ ಜೊತೆಗೇ ತಿರುಗುತ್ತೆ, ಭೂಮಿಯ ಕ್ಷೇತ್ರ ಮಾತ್ರ ತಿರುಗೋದಿಲ್ಲ. ಎಲ್ಲ ಕಡೆ ತಿರುಗಿಸಿದ ಮೇಲೆ ಯಾವುದು ಜೊತೆಗೆ ಬಂತೋ ಅದು ಮನೆಯದು, ಯಾವುದು ನಿಂತಲ್ಲೇ ನಿಂತಿತೋ ಅದು ಭೂಮಿಯದು ಅಂತ ಸಾಫ್ಟ್‌ವೇರ್ ಬೇರೆ ಮಾಡಿ, ಮನೆಯದನ್ನು ಕಳೆದುಬಿಡುತ್ತೆ. ವಿಮಾನದಲ್ಲೂ ಅದೇ. ನೆಲದ ಮೇಲೆ ಒಂದು ಸುತ್ತು ತಿರುಗಿಸಿ ಬಂದ ಅಳತೆಗಳನ್ನು ಹಾಳೆಯ ಮೇಲೆ ಚುಕ್ಕಿ ಇಟ್ಟರೆ ವೃತ್ತ ಬರಬೇಕು. ಆಯಸ್ಕಾಂತವಾಗಿಬಿಟ್ಟ ಉಕ್ಕು ಹತ್ತಿರ ಇದ್ದರೆ ವೃತ್ತದ ನಡುಬಿಂದು ಪಕ್ಕಕ್ಕೆ ಜರುಗುತ್ತೆ, ಇದಕ್ಕೆ ‘ಹಾರ್ಡ್ ಐರನ್’ ಅಂತಾರೆ. ತಾನು ಆಯಸ್ಕಾಂತವಲ್ಲದಿದ್ದರೂ ಭೂಮಿಯ ಕ್ಷೇತ್ರವನ್ನು ತನ್ನ ಕಡೆ ಎಳೆಯುವ ಕಬ್ಬಿಣ ಇದ್ದರೆ ವೃತ್ತ ಒತ್ತಿದ ಹೋಳಿಗೆಯ ಹಾಗೆ ಉದ್ದಕ್ಕಾಗುತ್ತೆ, ಅದು ‘ಸಾಫ್ಟ್ ಐರನ್’. ಎರಡನ್ನೂ ಲೆಕ್ಕದಿಂದ ತಿದ್ದಬಹುದು. ಆದರೆ ಆ ತಪ್ಪು ಇವತ್ತು ಎಷ್ಟಿದೆಯೋ ನಾಳೆಯೂ ಅಷ್ಟೇ ಇರಬೇಕು. ಬಂದು ಹೋಗುವ ತಪ್ಪನ್ನು ಕಳೆಯೋದು ಹೇಗೆ?

ಅಜ್ಜ ಕೇಳಿದ ಪ್ರಶ್ನೆ ಒಂದೇ: ‘ಕ್ಯಾಲಿಬ್ರೇಟ್ ಮಾಡಿದಾಗ ಏನೇನು ಆನ್ ಇತ್ತು?’

ಇವನು ತಲೆ ಕೆರೆದುಕೊಂಡ. ಎಂಜಿನ್ ಆಫ್, ಬ್ಯಾಟರಿಯಲ್ಲಿ ಪರದೆ ಮಾತ್ರ ಆನ್. ನಾನೇ ಬಾಲ ಹಿಡಿದು ಒಂದು ಸುತ್ತು ತಳ್ಳಿದ್ದೆ, ಚೆನ್ನಾಗಿ ನೆನಪಿದೆ. ಆವತ್ತು ಸೊಂಟ ಹಿಡಿದುಕೊಂಡಿತ್ತು.

ಆ ರಾತ್ರಿ ವಿಮಾನದ ಲಾಗ್ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ದಿನವಿಡೀ ಬೇರೆಯವರ ಡೇಟಾ ನೋಡಿ ಸಂಬಳ ತಗೊಳ್ಳೋಳು, ಮನೆಯದು ನೋಡಬಾರದಾ? ಹಾರುವಾಗಿನ ಅಂಕಿಗಳಲ್ಲಿ ನಿಜವಾದ ಗಾಳಿಯೂ ಬೆರೆತಿರುತ್ತೆ. ಆದ್ದರಿಂದ ನೆಲದ ಮೇಲೆ ಉರುಳುವಾಗಿನದನ್ನು ಮಾತ್ರ ಆರಿಸಿಕೊಂಡೆ. ನೆಲದ ಮೇಲೆ ಮೂತಿ ಇದ್ದ ಕಡೆಗೇ ವಿಮಾನ ಹೋಗಬೇಕು. ಹಾಗಾಗಿ ದಿಕ್ಸೂಚಿಯೂ ಜಿಪಿಎಸ್ಸೂ ಒಂದೇ ಮಾತು ಹೇಳಬೇಕು.

ನೋಡಿದರೆ ಎಲ್ಲ ಕಡೆಯೂ 15 ಡಿಗ್ರಿ ವ್ಯತ್ಯಾಸ! ‘ಸಿಕ್ತು ಸಿಕ್ತು’ ಅಂತ ಕೂಗಿದೆ. ಇವನು ಬಂದು ಇಣುಕಿ, ‘ಅದು ತಪ್ಪಲ್ಲ ಕಣೇ, ಡೆಕ್ಲಿನೇಶನ್’ ಅಂದ. ದಿಕ್ಸೂಚಿಯ ಉತ್ತರವೂ ಭೂಪಟದ ಉತ್ತರವೂ ಒಂದಲ್ಲ. ಬೆಂಗಳೂರಿನಲ್ಲಿ ಈ ಅಂತರ ಒಂದೆರಡು ಡಿಗ್ರಿ ಮಾತ್ರ, ಯಾರಿಗೂ ಬೇಕಾಗಲ್ಲ. ಇಲ್ಲಿ ಸುಮಾರು 15. ಲಾಗ್‌ನಲ್ಲಿ ಜಿಪಿಎಸ್ ಭೂಪಟದ ಉತ್ತರ ಬರೆದಿತ್ತು, ದಿಕ್ಸೂಚಿ ತನ್ನದನ್ನು. ಸ್ವಲ್ಪ ಮುಖ ಬಾಡಿತು, 15 ಕಳೆದು ಮತ್ತೆ ನೋಡಿದೆ.

ಆಗ ನಿಜವಾದದ್ದು ಕಂಡಿತು. ನಮ್ಮ ಏರ್‌ಪೋರ್ಟಿನ ರನ್‌ವೇ ಇರೋದು ಉತ್ತರ ದಕ್ಷಿಣಕ್ಕೆ. ಅದರ ಮೇಲೆ ಯಾವತ್ತೂ ತಪ್ಪಿಲ್ಲ. ಹ್ಯಾಂಗರಿನಿಂದ ರನ್‌ವೇಗೆ ಹೋಗುವ ದಾರಿ ಪೂರ್ವಕ್ಕಿದೆ. ಹೋಗುವಾಗ ಪ್ರತಿ ಸಲವೂ ಸುಮಾರು 25 ಡಿಗ್ರಿ ತಪ್ಪು. ಅದೇ ದಾರಿಯಲ್ಲಿ ವಾಪಸ್ ಬರುವಾಗ? ಒಂದು ಡಿಗ್ರಿಯೂ ಇಲ್ಲ. ಹೋಗುವಾಗ ಇದ್ದದ್ದು, ಬರುವಾಗ ಇಲ್ಲದ್ದು ಏನು?

‘ಲ್ಯಾಂಡಿಂಗ್ ಲೈಟ್’ ಅಂದ ಇವನು, ಬಹಳ ಮೆಲ್ಲಗೆ. ಬೇರೆ ವಿಮಾನದವರಿಗೆ ಕಾಣಲಿ ಅಂತ ಹೊರಡುವಾಗಲೇ ಅದನ್ನು ಹಾಕುತ್ತಾನೆ, ಹಾರುವಾಗಲೂ ಉರಿಯುತ್ತಲೇ ಇರುತ್ತೆ. ಇಳಿದು ರನ್‌ವೇ ಬಿಟ್ಟ ಕೂಡಲೇ ಆರಿಸುತ್ತಾನೆ.

ಬೆಳಿಗ್ಗೆ ಆರಕ್ಕೇ ಹ್ಯಾಂಗರ್. ವಿಮಾನವನ್ನು ಹೊರಗೆ ತಂದು ಪೂರ್ವಕ್ಕೆ ನಿಲ್ಲಿಸಿ ಒಂದೊಂದೇ ಸ್ವಿಚ್ ಹಾಕಿ ತೆಗೆದೆವು. ರೇಡಿಯೊ, ಏನಿಲ್ಲ. ಪಂಪ್, ಏನಿಲ್ಲ. ಎಡ ರೆಕ್ಕೆಯ ಲೈಟ್ ಹಾಕಿದಾಗ ಪರದೆಯ ಅಂಕಿ ಜಾರತೊಡಗಿತು... 85, 80, 70, 64. ಆರಿಸಿದರೆ ಮೆಲ್ಲಗೆ ಮತ್ತೆ 90.

ಹಳೇ ಕಾಲದ 55 ವಾಟ್ ಹ್ಯಾಲೊಜೆನ್ ಬಲ್ಬು. ಅದಕ್ಕೆ ಹೋಗುವ ಕರೆಂಟು 4 ಆಂಪಿಯರ್. ಆ ವೈರ್ ಡಬ್ಬಿಯಿಂದ 8 ಸೆಂಟಿಮೀಟರ್ ಕೆಳಗೇ ಹಾದುಹೋಗಿತ್ತು. ವೈರಿನಲ್ಲಿ ಕರೆಂಟು ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲ್ಲಾಡುತ್ತೆ ಅಂತ ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲೇ ತೋರಿಸಿದ್ದು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ, ಎರಡು ಮಾರ್ಕಿನ ಪ್ರಶ್ನೆ. ಅದೇ ಸೂತ್ರ ಹಾಕಿದೆ. 4 ಆಂಪಿಯರ್, 8 ಸೆಂಟಿಮೀಟರ್, ಉತ್ತರ 10 ಮೈಕ್ರೋಟೆಸ್ಲಾ. ಒರೆಗಾನ್‌ನಲ್ಲಿ ಭೂಮಿ ಕೊಡುವ ಕ್ಷೇತ್ರದಲ್ಲಿ ನೆಲಕ್ಕೆ ಸಮಾನಾಂತರವಾದ ಪಾಲು ಸುಮಾರು 20 ಮಾತ್ರ, ಉಳಿದದ್ದೆಲ್ಲ ನೆಲದೊಳಗೆ ಬಗ್ಗಿಹೋಗಿದೆ. ದಿಕ್ಕು ಹೇಳೋಕೆ ಉಪಯೋಗಕ್ಕೆ ಬರೋದು ಆ 20 ಮಾತ್ರ. ಒಂದು ಬಲ್ಬು ಭೂಮಿಯ ಅರ್ಧದಷ್ಟು ಜೋರಾಗಿ ಕೂಗುತ್ತಿತ್ತು. ರೆಕ್ಕೆಯ ಉದ್ದಕ್ಕೆ ಹೋಗುವ ವೈರಿನ ಕ್ಷೇತ್ರ ಬೀಳುವುದು ವಿಮಾನದ ಮೂತಿ ಬಾಲದ ನೇರಕ್ಕೆ. ಉತ್ತರಕ್ಕೋ ದಕ್ಷಿಣಕ್ಕೋ ಹೊರಟಾಗ ಅದು ಭೂಮಿಯ ಕ್ಷೇತ್ರದ ಸಾಲಿನಲ್ಲೇ ಸೇರಿಕೊಳ್ಳುವುದರಿಂದ ದಿಕ್ಕು ಕೆಡೋದಿಲ್ಲ. ಪೂರ್ವಕ್ಕೆ ಹೊರಟರೆ ಅಡ್ಡಕ್ಕೆ ಎಳೆದು 26 ಡಿಗ್ರಿ ತಪ್ಪಿಸುತ್ತೆ. ಇದೇ ವಿಮಾನ ಬೆಂಗಳೂರಿನಲ್ಲಿದ್ದಿದ್ದರೆ ಅಲ್ಲಿನ ಸುಮಾರು 40ರ ಮುಂದೆ ತಪ್ಪು 14 ಡಿಗ್ರಿಗೆ ಇಳಿಯುತ್ತಿತ್ತು. ಆಗ ಪತ್ತೆ ಇನ್ನೂ ತಡವಾಗುತ್ತಿತ್ತೇನೋ.

ಬಲ್ಬಿಗೆ ಹೋದ ಕರೆಂಟು ವಾಪಸ್ ಬರೋದು ಎಲ್ಲಿಂದ? ಅಲ್ಯೂಮಿನಿಯಂ ರೆಕ್ಕೆಯ ಮೈಯಿಂದಲೇ. ಒಂದು ವೈರ್ ಉಳಿಯುತ್ತೆ, ತೂಕವೂ ಉಳಿಯುತ್ತೆ ಅಂತ ಇವನೇ ಹಾಗೆ ಮಾಡಿದ್ದ. ಪರಿಹಾರ ಸರಳ. ವಾಪಸ್ ಬರೋದಕ್ಕೂ ಒಂದು ವೈರ್ ಕೊಟ್ಟು, ಹೋಗುವುದನ್ನೂ ಬರುವುದನ್ನೂ ಒಟ್ಟಿಗೆ ಹೊಸೆಯಬೇಕು. ಎರಡರಲ್ಲೂ ಅಷ್ಟೇ ಕರೆಂಟು ಎದುರುಬದುರು ಹರಿಯುತ್ತೆ, ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತೆ. ಹೊಸೆದಿದ್ದರೆ ಚೂರುಪಾರು ಉಳಿದದ್ದೂ ಒಂದು ಸುತ್ತಿಗೆ ಆ ಕಡೆ, ಒಂದು ಸುತ್ತಿಗೆ ಈ ಕಡೆ ಬಿದ್ದು ಸೊನ್ನೆಯಾಗುತ್ತೆ.

ಡ್ರಿಲ್ ಮೆಶೀನಿಗೆ ಸಿಕ್ಕಿಸಿ ತಿರುಗಿಸಿದರೆ ಎರಡು ನಿಮಿಷದ ಕೆಲಸ. ಇವನು ಮನೆಯ ಹಾಲಿನಲ್ಲಿ ನಾಲ್ಕು ಮೀಟರಿನ ಎರಡು ವೈರ್ ಹಾಸಿಕೊಂಡು ಡ್ರಿಲ್ ಹಾಕಿದ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಸೋಫಾದಲ್ಲಿ ಕೂತಿದ್ದ ಅತ್ತೆಗೆ ನೋಡೋಕಾಗಲಿಲ್ಲ. ‘ಬಿಡೋ ಮಗಾ, ಇದೇನು ಹೊಸೆಯೋದಾ ಇದು? ಆ ಕಡೆ ತುದಿ ಹಿಡ್ಕೊಂಡು ನಿಂತ್ಕೋ.’ ನಲವತ್ತೈದು ವರ್ಷ ದಿನಾ ಬತ್ತಿ ಹೊಸೆದ ಕೈ. ಅರ್ಧ ಗಂಟೆಯಲ್ಲಿ ಆ ತುದಿಯಿಂದ ಈ ತುದಿಗೆ ಒಂದೇ ಸಮ, ಸೆಂಟಿಮೀಟರಿಗೊಂದು ಸುತ್ತು. ‘ಇದ್ಯಾಕೆ ಅಂತ ಹೇಳಿದ್ಯಲ್ಲ, ಅದೊಂದು ಅರ್ಥ ಆಗ್ಲಿಲ್ಲ ಕಣಮ್ಮ’ ಅಂದರು ನನಗೆ. ಮತ್ತೆ ಹೇಳಿದೆ. ‘ಓ, ಬರೀ ಹೋಗೋದೊಂದೇ ಇದ್ರೆ ತೊಂದ್ರೆ, ಬರೋದೂ ಜೊತೆಗಿದ್ರೆ ಸದ್ದಿಲ್ಲ’ ಅಂದರು. ಟಿಕೆಟ್ ನೆನಪಾಯಿತೋ ಏನೋ, ಎದ್ದು ಅಡುಗೆಮನೆಗೆ ಹೋದರು.

ವೈರನ್ನು ಡಬ್ಬಿಯಿಂದ ಒಂದು ಗೇಣು ದೂರದ ದಾರಿಯಲ್ಲಿ ಎಳೆದದ್ದಾಯಿತು. ಇನ್ನು ಉಳಿದಿದ್ದು ಸರಿಯಾದ ಕ್ಯಾಲಿಬ್ರೇಶನ್.

ನಮ್ಮ ಏರ್‌ಪೋರ್ಟಿನ ಒಂದು ಮೂಲೆಯಲ್ಲಿ, ಹ್ಯಾಂಗರುಗಳ ಕಬ್ಬಿಣದಿಂದ ದೂರ, ನೆಲದ ಮೇಲೆ ದೊಡ್ಡ ರಂಗೋಲಿಯ ಹಾಗೆ ಒಂದು ಚಕ್ರ ಬಳಿದಿದೆ. ಕಂಪಾಸ್ ರೋಸ್ ಅಂತಾರೆ. ಅದರ ಗೆರೆಗಳು ಕಾಂತೀಯ ಉತ್ತರಕ್ಕೆ ಹೊಂದಿಸಿದವು. ಆ ಉತ್ತರ ವರ್ಷವರ್ಷವೂ ಚೂರುಚೂರು ಸರಿಯುವುದರಿಂದ ಇಂಥ ಚಕ್ರಗಳನ್ನು ಆಗಾಗ ಅಳೆದು ಮತ್ತೆ ಬಳಿಯಬೇಕಾಗುತ್ತೆ. ಅಮೆರಿಕದ ಎಷ್ಟೋ ಸಣ್ಣ ಏರ್‌ಪೋರ್ಟುಗಳಲ್ಲಿ ಈ ಕೆಲಸವನ್ನು ಸ್ವಂತ ಖುಷಿಗೆ ಮಾಡಿಕೊಡೋರು ‘ನೈಂಟಿ-ನೈನ್ಸ್’ ಎಂಬ ಮಹಿಳಾ ಪೈಲಟ್‌ಗಳ ಸಂಘದವರು. 1929ರಲ್ಲಿ 99 ಹೆಂಗಸರು ಸೇರಿ ಶುರು ಮಾಡಿದ್ದು, ಅದಕ್ಕೇ ಆ ಹೆಸರು. ಮೊದಲ ಅಧ್ಯಕ್ಷೆ ಅಮೀಲಿಯಾ ಇಯರ್‌ಹಾರ್ಟ್. ಇದನ್ನು ಅತ್ತೆಗೆ ಹೇಳಿದಾಗ ಅವರು ಬಗ್ಗಿ ಗೆರೆಯನ್ನು ಮುಟ್ಟಿ ನೋಡಿದರು. ‘ಚುಕ್ಕಿ ಇಡದೇ ಎಷ್ಟು ನೇರ ಎಳೆದಿದಾರೆ’ ಅಂದರು.

ಈ ಸಲ ನನ್ನ ಸೊಂಟಕ್ಕೆ ರಜೆ. ಎಂಜಿನ್ ಆನ್, ಆಲ್ಟರ್ನೇಟರ್ ಆನ್, ಎಲ್ಲ ಲೈಟ್ ಆನ್, ಮುಚ್ಚಳ ಹಾಕಿ, ಹಾರುವಾಗ ಏನೇನು ಹೇಗಿರುತ್ತೋ ಹಾಗೆ. ಪ್ರೊಪೆಲರ್ ತಿರುಗುವಾಗ ಯಾರೂ ಹತ್ತಿರ ಸುಳಿಯಬಾರದು, ಹಾಗಾಗಿ ಅತ್ತೆಯೂ ಅಜ್ಜನೂ ದೂರದ ಬೇಲಿ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಇವನು ಎಡ ಸೀಟಿನಲ್ಲಿ, ನಾನು ಬಲ ಸೀಟಿನಲ್ಲಿ, ಕೈಯಲ್ಲಿ ನೋಟ್‌ಬುಕ್. ಗೆರೆಯ ಮೇಲೆ ಮೂತಿ ತಂದು ನಿಲ್ಲಿಸೋದು, ಪರದೆ ‘ಸರಿ, ಮುಂದೆ’ ಅನ್ನೋ ತನಕ ಕಾಯೋದು, 30 ಡಿಗ್ರಿ ತಿರುಗೋದು. ಹೀಗೆ 12 ಸಲ. ಅದು ಮುಗಿದ ಮೇಲೆ ಇನ್ನೊಂದು ಸುತ್ತು, ಹಳೇ ದಿಕ್ಸೂಚಿಗೆ. ಕರೆಂಟು ಪೂರ್ತಿ ಹೋದರೂ ಇರಲಿ ಅಂತ, ದ್ರವದಲ್ಲಿ ತೇಲುವ ಒಂದು ಗುಂಡು ದಿಕ್ಸೂಚಿಯೂ ಗಾಜಿನ ಹತ್ತಿರ ಇದೆ. ಪೈಲಟ್‌ಗಳ ಭಾಷೆಯಲ್ಲಿ ಅದು ‘ವಿಸ್ಕಿ ಕಂಪಾಸ್’. ಅದಕ್ಕೆ ಸಾಫ್ಟ್‌ವೇರ್ ಇಲ್ಲ. ಯಾವ ದಿಕ್ಕಿಗೆ ಹೋಗಬೇಕಾದರೆ ಅದರಲ್ಲಿ ಯಾವ ಅಂಕಿ ಹಿಡಿಯಬೇಕು ಅಂತ ಒಂದು ಚೀಟಿ ಬರೆದು ಪಕ್ಕದಲ್ಲಿ ಅಂಟಿಸಬೇಕು. ಆ ಚೀಟಿ ಬರೆಯೋದೇ ನನ್ನ ಕೆಲಸ.

ಮೊದಲ ನಾಲ್ಕು ಅಂಕಿ ಬರೆದೆ. ಒಂದಕ್ಕೊಂದು ತಾಳಮೇಳ ಇಲ್ಲ. ಇವನು ನನ್ನ ಕಡೆ ತಿರುಗಿದ. ‘ಅದೇನದು?’ ಗಾಜಿನ ಕೆಳಗೆ ನಾನೇ ಇಟ್ಟಿದ್ದ ಚಿತ್ರಾನ್ನದ ಡಬ್ಬ. ಸ್ಟೀಲ್ ಡಬ್ಬಗಳಿಗೆಲ್ಲ ಆಯಸ್ಕಾಂತ ಅಂಟಲ್ಲ, ಅತ್ತೆ ತಿಪಟೂರಿನಿಂದ ತಂದಿದ್ದಕ್ಕೆ ಅಂಟುತ್ತೆ. ಡಬ್ಬವನ್ನು ಸೀಟಿನ ಹಿಂದೆ ದೂರಕ್ಕೆ ತಳ್ಳಿ ಮೊದಲಿನಿಂದ ಶುರು. ಇನ್ನೊಂದು ಹೆಡ್‌ಸೆಟ್ ಅನ್ನೂ ಅಲ್ಲಿಂದ ತೆಗೆಸಿದ, ಅದರ ಸ್ಪೀಕರಿನಲ್ಲೂ ಆಯಸ್ಕಾಂತ. ಒಂದೂವರೆ ಗಂಟೆ ಹಿಡಿಯಿತು. ಪರದೆಯ ದಿಕ್ಕು ಎಲ್ಲ 12 ಗೆರೆಗಳಲ್ಲೂ ಎರಡು ಡಿಗ್ರಿಯೊಳಗೆ ಕೂತಿತು. ಲೈಟ್ ಹಾಕಿದರೂ, ಆರಿಸಿದರೂ.

ಅಜ್ಜ ಬಂದು ಚೀಟಿ ನೋಡಿ, ‘ತಾರೀಕು ಹಾಕು’ ಅಂದರು. ಅಷ್ಟೇ.

ಆಮೇಲೆ ಇವನು ಒಬ್ಬನೇ ಎರಡು ಸಲ ಕಣಿವೆಗೆ ಹೋಗಿಬಂದ, ಲಾಗ್ ನಾನು ನೋಡಿದೆ. ಅಕ್ಟೋಬರಿನ ಮೊದಲ ಶನಿವಾರ ಆಕಾಶ ತೆರವಾಗಿತ್ತು. ಅತ್ತೆ ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಬಲ ಸೀಟಿನಲ್ಲಿ ಕೂತರು. ಹೆಡ್‌ಸೆಟ್ ತುರುಬಿನ ಮೇಲೆ ಕೂರೋಕೆ ಒಪ್ಪಲಿಲ್ಲ, ಅದಕ್ಕೂ ಒಂದು ಐದು ನಿಮಿಷ. ಎಡ ರೆಕ್ಕೆಯ ದೀಪ ಹೊತ್ತಿತು. ನಾನು ಬೇಲಿ ಪಕ್ಕದ ಕುರ್ಚಿಯಲ್ಲಿ ಅಜ್ಜನ ಜೊತೆ ಕೂತು, ವಿಮಾನ ಪೂರ್ವಕ್ಕೆ ಉರುಳೋದನ್ನು ನೋಡಿದೆ.

ನಲವತ್ತು ನಿಮಿಷ ಬಿಟ್ಟು ಇಳಿದರು. ಅತ್ತೆ ಮೊದಲು ಹೇಳಿದ್ದು ಬೆಟ್ಟದ ಮೇಲಿನ ಹಿಮದ ಸುದ್ದಿ, ಆಮೇಲೆ ನದಿಯದು. ಕಾರಿನಲ್ಲಿ ಬರುವಾಗ ನನ್ನ ಕಡೆ ಬಗ್ಗಿ, ‘ಗಾಳಿ ಎಷ್ಟು ಅಂತ ಅವನ್ನ ಕೇಳ್ದೆ ಕಣಮ್ಮ’ ಅಂದರು. ‘ಪಶ್ಚಿಮದಿಂದ ಎಂಟು ಅಂದ.’